ಸುಣ್ಣದ ಗುಡ್ಡದ ಒಬ್ಬಂಟಿ

ಬಹಳ ಹಿಂದೆ, ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ, ಸೂಜಿಬೆಟ್ಟ ಅಂತ ಒಂದು ರಾಜ್ಯವಿತ್ತು. ಎಷ್ಟು ದೊಡ್ಡದು ಅಂತೀರಿ? ಈ ಗಡಿಯಿಂದ ಹಾರಿದ ಗುಬ್ಬಿ ಆ ಗಡಿ ಮುಟ್ಟುವಷ್ಟರಲ್ಲಿ ಮೊಮ್ಮಕ್ಕಳನ್ನು ಕಾಣುತ್ತಿತ್ತು. ಸುಳ್ಳಾದರೆ ಅಳೆದವರು ಬಂದು ಹೇಳಲಿ.

ಆ ರಾಜ್ಯದ ಒಂದು ಹಟ್ಟಿಯಲ್ಲಿ ಈರಗಾರ ಅನ್ನುವ ಕುರುಬನಿದ್ದ. ಹೆಂಡತಿ ಸಂಕವ್ವ, ಮೂರು ವರ್ಷದ ಮಗಳು ನೀಲಿ, ಸಾವಿರ ಕುರಿ. ಹಿಂಡಿನಲ್ಲಿ ಒಂದು ಕೆಮ್ಮಿದರೆ ಕೆಮ್ಮಿದ್ದು ಯಾವುದು ಅಂತ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ.

ಒಂದು ಸಲ ಹುಲ್ಲು ಹುಡುಕಿಕೊಂಡು ಗಡಿ ದಾಟಿ ಹೋದವನು ತಿಂಗಳು ಕಳೆದು ಹಿಂಡಿನೊಂದಿಗೆ ತಿರುಗಿ ಬಂದ. ನಡು ಮಧ್ಯಾಹ್ನ. ಹಟ್ಟಿ ಬಿಸಿಲಲ್ಲಿ ಸದ್ದಿಲ್ಲದೆ ಕೂತಿತ್ತು. ನಾಯಿ ಅವನನ್ನು ನೋಡಿತು. ಬೊಗಳಲಿಲ್ಲ, ಬಾಲವನ್ನೂ ಆಡಿಸಲಿಲ್ಲ. ಬಾಗಿಲಲ್ಲಿ ಸಂಕವ್ವ ಕೂತಿದ್ದಳು.

"ಯಾರಣ್ಣಾ ನೀವು? ಬಿಸಿಲಲ್ಲಿ ಬಂದೀರಿ. ನೀರು ಕೊಡಲಾ?" ಅಂದಳು.

ಕಟ್ಟಿಕೊಂಡ ಹೆಂಡತಿ ಗಂಡನನ್ನು ಅಣ್ಣಾ ಅಂದಳು. ಈರಗಾರ ಹೆಗಲ ಕಂಬಳಿ ಇಳಿಸಿ ಹತ್ತಿರ ಹೋದ.

"ತಮಾಷೆ ಸಾಕು ಸಂಕೀ. ನೀಲಿ ಎಲ್ಲಿ?"

"ಈ ಮಗುವಾ? ಪಾಪ, ಯಾರದ್ದೋ. ಬೆಳಗಿನಿಂದ ಇಲ್ಲೇ ಮಣ್ಣಾಡ್ತಿದೆ. ನಿಮ್ಮದಾದರೆ ಕರಕೊಂಡು ಹೋಗಿ."

ಮಗು ತಲೆ ಎತ್ತಿ ಅವನನ್ನು ನೋಡಿ ಮತ್ತೆ ಮಣ್ಣಿಗೆ ಕೈ ಹಾಕಿತು. ಆಗ ಅವನು ಅವರ ಕಾಲು ನೋಡಿದ. ತಾಯಿಗೂ ಮಗಳಿಗೂ ಹಿಮ್ಮಡಿಯಿಂದ ಮೊಣಕಾಲಿನ ತನಕ ಸುಣ್ಣ ಏರಿತ್ತು. ಬಳಿದ ಸುಣ್ಣವಲ್ಲ, ಮೈಯೇ ಸುಣ್ಣವಾಗಿತ್ತು.

ಈರಗಾರ ಊರ ಕಡೆ ಓಡಿದ. ಊರ ಬಾಯಲ್ಲಿ ಡೊಳ್ಳು ಬಾರಿಸುವ ಸಿದ್ಮಲ್ಲ ಎದೆಯ ತನಕ ಸುಣ್ಣವಾಗಿ ನಿಂತಿದ್ದ. ಬಾಯಿ ಇನ್ನೂ ಆಡುತ್ತಿತ್ತು.

"ಸುಣ್ಣದ ಗುಡ್ಡದ ಮಾಯಕಾರ, ಆ ಒಬ್ಬಂಟಿ, ಬಂದು ಒಂದು ಹಿಡಿ ಬೂದಿ ಊದಿದ," ಅಂದ ಸಿದ್ಮಲ್ಲ, ಮಳೆ ಬಂತು ಅಂದಷ್ಟೇ ಸಲೀಸಾಗಿ. "ಯಾರಿಗೆ ಯಾರೂ ಅಲ್ಲ ಅಂತ ಎಲ್ಲರಿಗೂ ತಿಳೀತು. ರಾಜ ಕಿರೀಟ ತೆಗೆದು ಅಡುಗೆಯವನ ತಲೆಗಿಟ್ಟು ಎದ್ದು ಹೋದನಂತೆ. ಹಾಯಾಗಿದೆ ಕಣಯ್ಯ. ಅಳು ಇಲ್ಲ, ಜಗಳ ಇಲ್ಲ. ನೀನು ಕೇಳ್ತಿರೋ ತಾಯಿಮಗಳಿಗೆ ಇನ್ನು ಮೂರು ಸಂಜೆ. ಸುಣ್ಣ ನೆತ್ತಿ ಮುಟ್ಟಿದರೆ ಮುಗೀತು."

ಈರಗಾರ ಕುರಿಗಳನ್ನು ಹಟ್ಟಿಯಲ್ಲೇ ಬಿಟ್ಟು ಗುಡ್ಡದ ದಾರಿ ಹಿಡಿದ.

ಮೊದಲನೆಯ ಸಂಜೆ ಗುಡ್ಡದ ಬುಡದಲ್ಲಿ ಗುಡಿಸಲಷ್ಟು ದೊಡ್ಡ ಬಿಳಿ ತೋಳ ಅಡ್ಡ ಮಲಗಿತ್ತು.

"ನಿನ್ನನ್ನು ತನ್ನವನು ಅನ್ನುವವರು ಒಬ್ಬರಿದ್ದರೆ ಬಿಡ್ತೀನಿ. ಇಲ್ಲದಿದ್ದರೆ ತಿಂತೀನಿ," ಅಂದಿತು.

"ಇವತ್ತಿಗೆ ಯಾರೂ ಇಲ್ಲ. ಆದರೆ ಅವರು ನನ್ನವರು."

"ಆ ತುದಿ ಬಿಚ್ಚಿದ ಹಗ್ಗ ನಿಲ್ತದಾ?"

"ಎಳೆದು ನೋಡು."

ತೋಳ ಅವನ ಎದೆಯ ಮುಂದಿನ ಗಾಳಿಗೆ ಬಾಯಿ ಹಾಕಿ ಕಚ್ಚಿತು. ಅಲ್ಲಿ ಏನೋ ಸಿಕ್ಕಿತು. ಒಂದು ಸಲ ಎಳೆಯಿತು, ಎರಡು ಸಲ ಎಳೆಯಿತು, ಮೂರನೆಯ ಸಲ ನಾಲ್ಕೂ ಕಾಲೂರಿ ಎಳೆಯಿತು. ಅದರ ಹಲ್ಲುಗಳೆಲ್ಲ ಕಿತ್ತು ಬಂದು ಜೋಳದ ಕಾಳಿನ ಹಾಗೆ ಚೆಲ್ಲಿಹೋದವು. ತೋಳ ಬೊಚ್ಚುಬಾಯಲ್ಲಿ ಹಗ್ಗದ ಆ ತುದಿ ಹುಡುಕಿ ಹಟ್ಟಿಯ ಕಡೆ ನೋಡಿತು. ಅಲ್ಲಿ ಕಾಣಲಿಲ್ಲ. ಆಮೇಲೆ ನಿಧಾನಕ್ಕೆ ತಲೆ ಮೇಲೆತ್ತಿತು. ಬರೀ ಆಕಾಶ. ಅದನ್ನೇ ನೋಡುತ್ತ ನೋಡುತ್ತ ನಾಯಿಮರಿಯ ಹಾಗೆ ಕುಂಯ್ಗುಟ್ಟಿ ದಾರಿ ಬಿಟ್ಟಿತು.

ಎರಡನೆಯ ದಿನ ಸುಣ್ಣದ ನೀರಿನ ಹೊಳೆ ಎದುರಾಯಿತು. ದಾಟಿಸಲು ಕುರುಡು ಮೊಸಳೆಯೊಂದು ಕಾದಿತ್ತು.

"ಬೆನ್ನ ಮೇಲೆ ಕೂರು. ಮೂರು ಸಲ ಬಾಲ ಬೀಸ್ತೀನಿ. ಒಂದೊಂದು ಬೀಸಿಗೆ ನಿನ್ನದೊಂದು ನೆನಪು ನುಂಗ್ತೀನಿ," ಅಂದಿತು.

ಕೂತ. ಮೊದಲ ಬೀಸಿಗೆ ತಾಯಿಯ ಮುಖ ಹೋಯಿತು. ಎರಡನೆಯದಕ್ಕೆ ಮಗಳ ಹೆಸರು ಹೋಯಿತು. ಮೂರನೆಯದಕ್ಕೆ ಎಲ್ಲಿಗೆ, ಯಾಕೆ ಬಂದೆ ಅನ್ನುವುದೂ ಹೋಯಿತು. ದಡದ ಮೇಲೆ ಬರಿದಾದ ಮಡಕೆಯ ಹಾಗೆ ನಿಂತ.

"ಇನ್ನು ಹಿಂದಕ್ಕೆ ಹೋಗು, ಬಿಡ್ತೀನಿ," ಅಂದಿತು ಮೊಸಳೆ.

"ಕಾಲು ಮುಂದಕ್ಕೇ ಹೋಗ್ತಾವಲ್ಲ."

"ಯಾಕೆ?"

"ನನಗೇನು ಗೊತ್ತು? ಕಾಲನ್ನೇ ಕೇಳು."

ನೆನಪೆಲ್ಲ ನುಂಗಿದ ಮೇಲೂ ಮನುಷ್ಯ ನಡೆಯುತ್ತಾನಲ್ಲ, ಹಾಗಾದರೆ ತಾನು ನುಂಗಿದ್ದೇನು ಅಂತ ಮೊಸಳೆಗೆ ಹೊಟ್ಟೆಯೊಳಗೆ ಕಿವುಚಿತು. ಹೊರಳಾಡಿ ಮೂರನ್ನೂ ಕಾರಿಬಿಟ್ಟಿತು. ಈರಗಾರ ಅವನ್ನು ತಲೆಗೆ ತುಂಬಿಕೊಂಡು ಗುಡ್ಡ ಹತ್ತಿದ.

ಮೂರನೆಯ ದಿನ ಹೊತ್ತು ಏರುವಾಗ ತುದಿ ಮುಟ್ಟಿದ. ಅಲ್ಲೊಂದು ಬೆಳ್ಳನೆಯ ಮನೆ. ನೆರಳು ಬೀಳದ ಮನೆ. ಒಳಗಿಂದ ಸಂಕವ್ವ ಬಂದಳು. ಅದೇ ಮೂಗುಬೊಟ್ಟು, ಅದೇ ಹೊಗೆಯ, ಹಾಲಿನ ವಾಸನೆ.

"ಬಂದೆಯಾ ಮಾವ? ಎಷ್ಟು ದಿನ ಕಾದೆ," ಅಂದಳು. ಹಿಂದೆಯೇ ನೀಲಿ ಓಡಿ ಬಂದು "ಅಪ್ಪಾ" ಅಂತ ಕಾಲು ತಬ್ಬಿತು. ಕೈ ಬೆಚ್ಚಗಿತ್ತು.

ಈರಗಾರನ ಕಣ್ಣಲ್ಲಿ ನೀರಾಡಿತು. ಮಗುವಿನ ನೆತ್ತಿಯ ಮೇಲೆ ಕೈ ಇಟ್ಟ. ಇಟ್ಟ ಮೇಲೆ ತೆಗೆಯಲು ಆಗಲಿಲ್ಲ.

ಬಾಗಿಲ ಹಿಂದಿನಿಂದ ಒಬ್ಬಂಟಿ ಬಂದ. ರೆಪ್ಪೆಯಿಂದ ಉಗುರಿನ ತನಕ ಬಿಳುಪು. "ಇಟ್ಟುಕೋ. ನಿನಗಾಗಿಯೇ ಮಾಡಿದ್ದು. ಕೆಳಗಿರುವವರಿಗೆ ನೀನು ಯಾರೋ ದಾರಿಹೋಕ. ಇವರಿಗೆ ನೀನೇ ಎಲ್ಲ."

"ಇವರು ಅವರಲ್ಲ."

"ಅದನ್ನು ನೀನು ಹೇಳ್ತೀಯಾ? ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಗೆ ಹೊದಿಸಿ ಕಟ್ಟುವವನು ನೀನು. ಮರಿ ಕಳಕೊಂಡ ತಾಯಿಕುರಿ ಮೂಸಿ, ತನ್ನದೇ ಅಂತ ಹಾಲು ಬಿಡ್ತದೆ. ಪ್ರೀತಿ ಅಂದರೆ ಅಷ್ಟೇ, ವಾಸನೆ. ನನ್ನನ್ನು ಹುಟ್ಟಿದ ದಿನವೇ ಸುಣ್ಣ ಸುಡುವ ಗೂಡಿನ ಪಕ್ಕ ಬಿಟ್ಟು ಹೋದರು. ಯಾರೂ ಕರೀಲಿಲ್ಲ. ಕುಂತು ಯೋಚಿಸಿದೆ. ಒಳಗೆ ಏನೂ ಇಲ್ಲ ಅಂತ ಕಂಡುಕೊಂಡೆ."



"ಕಟ್ಟೋದು ನಿಜ," ಅಂದ ಈರಗಾರ. "ಆದರೆ ಚರ್ಮ ಕೊಳೀತದೆ ಸ್ವಾಮಿ. ನಾಲ್ಕನೇ ದಿನ ಬಿಚ್ಚಿ ಎಸೀತೀನಿ. ಮರಿ ತನ್ನ ವಾಸನೆಯಲ್ಲೇ ನಿಂತಿರ್ತದೆ. ಕುರಿ ಮೂಸಿ ನೋಡಿ ಒದೀಬೇಕು. ಒದೆಯೋದಿಲ್ಲ."

"ಮೂರು ದಿನದ ರೂಢಿ."

"ಇರಬಹುದು. ನೂರಕ್ಕೆ ಹತ್ತು ಒದೀತಾವೆ, ಅವಕ್ಕೂ ಅದೇ ಮೂರು ದಿನ. ಉಳಿದ ತೊಂಬತ್ತನ್ನ ಹಿಡಿದು ನಿಲ್ಲಿಸಿದ ಕೈ ನನ್ನದಲ್ಲ. ದೇವರದ್ದು ಅಂತ ನಮ್ಮವ್ವ ಅಂತಿದ್ದಳು. ನಾನು ದೇವರನ್ನು ಕಂಡಿಲ್ಲ. ಕುರಿಗೂ ಮರಿಗೂ ಬಿದ್ದ ಗಂಟು ಕಂಡಿದ್ದೀನಿ. ನೀನು ನಾಲ್ಕನೇ ದಿನದ ತನಕ ಕಾದೇ ಇಲ್ಲ, ಅಷ್ಟೇ."

ಮಗುವಿನ ನೆತ್ತಿಯಿಂದ ಕೈ ತೆಗೆದ. "ಅಪ್ಪಾ, ಅಪ್ಪಾ" ಅಂತ ಅದು ಕೂಗುತ್ತಲೇ ಇತ್ತು. ಒಂದೇ ದನಿ, ಒಂದೇ ಏರಿಳಿತ, ಉಸಿರೆಳೆಯದೆ. ಈರಗಾರ ಕಿವಿ ಮುಚ್ಚಿಕೊಂಡು ಗುಡ್ಡ ಇಳಿದು ಓಡಿದ. ಹೇಗೆ ಓಡಿದ ಅಂತೀರಿ? ತೋಳ, ಮೊಸಳೆ ಎದ್ದು ನಿಲ್ಲುವಷ್ಟರಲ್ಲಿ ದಾಟಿ ಹೋಗಿದ್ದ. ಅವನ ನೆರಳು ಬಂದು ಸೇರಿದ್ದು ಮಾರನೆಯ ದಿನ.

"ಹೋಗು, ಅಂಗಳದಲ್ಲಿ ದಾರಿಹೋಕನ ಹಾಗೆ ಕೂತ್ಕೊ, ನೋಡ್ತೀನಿ," ಅಂತ ಒಬ್ಬಂಟಿ ಗಾಳಿಯಾಗಿ ಬೆನ್ನಿಗೆ ಬಂದ.

ಸೂರ್ಯ ಬೇಲಿಗೆ ತಾಗಿದ್ದ. ಸಂಕವ್ವನಿಗೆ ಸುಣ್ಣ ಗಲ್ಲದ ತನಕ ಬಂದಿತ್ತು. ಪಕ್ಕದಲ್ಲಿ ನೀಲಿಯ ಮೂಗು, ಕಣ್ಣು ಮಾತ್ರ ಉಳಿದಿದ್ದವು. ಈರಗಾರ ಮೂರು ಮಾರು ದೂರದಲ್ಲಿ ನೆಲದ ಮೇಲೆ ಕೂತ.

ಸಂಕವ್ವ ಅವನನ್ನೇ ನೋಡಿದಳು. ತುಟಿ ಬಿಗಿಯುತ್ತಿತ್ತು.

"ನೀನು ಯಾರೋ ನನಗೆ ಗೊತ್ತಿಲ್ಲ," ಅಂದಳು. "ಮೂರು ದಿನದಿಂದ ದಾರಿ ನೋಡ್ತಿದ್ದೀನಿ. ಯಾರು ಬರಬೇಕು ಅಂತಾನೂ ಗೊತ್ತಿಲ್ಲ. ನೀನು ಬಂದು ಕೂತ ಮೇಲೆ ಇನ್ನು ನೋಡೋದು ಬೇಡ ಅನ್ನಿಸ್ತದೆ."

ಅವಳ ಕೊರಳಲ್ಲಿ ಟಕ್ಕಂತ ಒಂದು ಬಿರುಕು ಬಿಟ್ಟಿತು. ಬಿರುಕು ಎದೆಗಿಳಿಯಿತು, ನೆಲಕ್ಕಿಳಿಯಿತು, ಮಗುವಿನ ಮೈಗೆ ಹರಿಯಿತು, ಮನೆಯಿಂದ ಮನೆಗೆ, ಊರಿಂದ ಊರಿಗೆ ಓಡಿತು. ಸುಣ್ಣ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಉದುರಿತು. ಗುಡ್ಡದ ಮೇಲಿನ ಮನೆ ಅದರ ಜೋಡಿ ಗೊಂಬೆಗಳ ಸಮೇತ ಹುಡಿಯಾಯಿತು. ಇಡೀ ರಾಜ್ಯ ಒಂದೇ ಸಲಕ್ಕೆ ಅತ್ತ ಸದ್ದಿಗೆ ಹಾರುತ್ತಿದ್ದ ಹಕ್ಕಿಗಳು ನೆಲಕ್ಕಿಳಿದು ಕೂತವು.

ಬೇಲಿಯ ಆಚೆ ಒಬ್ಬಂಟಿ ಕಾಣಿಸಿಕೊಂಡ. "ನಾನು ಎಲ್ಲ ತೆಗೆದಿದ್ದೆ," ಅಂದ. "ಅದು ಎಲ್ಲಿಂದ ಬಂತು?"

ಅವನ ಮೈಯ ಬಿಳುಪೂ ಜಾರಿ ಬಿತ್ತು. ಒಳಗೆ ನಡುಗುವ ಒಬ್ಬ ಕರಿಯ ಮುದುಕನಿದ್ದ.

"ಅಜ್ಜ ಅಳ್ತಿದೆ," ಅಂದಳು ನೀಲಿ.

"ಒಳಗೆ ಕರಕೊಂಡು ಬಾರೇ, ಚಳಿ," ಅಂದಳು ಸಂಕವ್ವ. ಗಂಡನ ಕಡೆ ತಿರುಗಿ, "ಮೂರು ದಿನ ಎಲ್ಲಿ ಅಲೀತಿದ್ದೆ ಮಾವ? ಕುರಿ ನೀರು ಕಂಡಿಲ್ಲ," ಅಂತ ಶುರುಮಾಡಿದಳು.

ರಾಜ ಕಿರೀಟ ಹಿಂದಕ್ಕೆ ಪಡೆದ. ಅಡುಗೆಯವನಿಗೂ ಅದರ ಭಾರ ಸಾಕಾಗಿತ್ತು. ತೋಳ ಗಂಜಿ ಕುಡಿದುಕೊಂಡು ಬದುಕಿತು. ಅವರೆಲ್ಲ ಉಂಡು, ಜಗಳಾಡಿ, ನಕ್ಕು, ಕೂದಲು ನೆರೆಯುವ ತನಕ ಸುಖವಾಗಿದ್ದರು. ಮುದುಕ ಆ ಹಟ್ಟಿಯಲ್ಲೇ ಉಳಿದ. ತಬ್ಬಲಿ ಮರಿಗಳಿಗೆ ಚರ್ಮ ಕಟ್ಟುವುದನ್ನು ಯಾರಿಗೆ ಬೇಕಾದರೂ ಬಿಡುತ್ತಿದ್ದ. ನಾಲ್ಕನೆಯ ದಿನ ಬಿಚ್ಚುವ ಕೆಲಸವನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ.