ಸಾಲಿನಲ್ಲಿಟ್ಟ ಕೊಡೆ

"ಯಾರ್ದು ಇದು? ಕೊಡೆಯೂ ಸೆಮಿನಾರಿಗೆ ಹೆಸರು ಕೊಡ್ತದಾ ಎಂತ?"

ವಸಂತಿ ಹೀಗೆ ಕೇಳಿದ್ದೇ ತಡ, ವರಾಂಡದಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಸಾಲಿನ ತುದಿಯಲ್ಲಿ ಹುಡುಗರೂ ಇರಲಿಲ್ಲ, ಹುಡುಗಿಯರೂ ಇರಲಿಲ್ಲ. ಹಿಡಿಕೆಗೆ ಕೆಂಪು ದಾರ ಸುತ್ತಿದ ಕಪ್ಪು ಕೊಡೆಯೊಂದು ಗೋಡೆಗೊರಗಿ ನಿಂತಿತ್ತು.

ಅವಳು ಅದನ್ನೆತ್ತಿ ಮಳೆಯ ಇರಚಲು ಬೀಳದ ಮೂಲೆಗೆ ಒರಗಿಸಿದಳು. ತಾನೇ ಆ ಜಾಗದಲ್ಲಿ ನಿಂತಳು!

ಕುಮಟೆಯ ಕಾಲೇಜಿನಲ್ಲಿ ಆ ವರ್ಷ, ಅಂದರೆ ಅರವತ್ಮೂರರ ಮಳೆಗಾಲದಲ್ಲಿ, ಹೊಸದೊಂದು ಕ್ರಮ ಬಂದಿತ್ತು. ಬಿ.ಎ. ವಿದ್ಯಾರ್ಥಿಗಳು ಪ್ರತಿ ವರ್ಷ ತಮಗೆ ಇಷ್ಟವಾದ ಒಂದು ಸೆಮಿನಾರು ಆರಿಸಿಕೊಳ್ಳಬೇಕು. ಶನಿವಾರಗಳಂದು ಕೂತು ಚರ್ಚಿಸಬೇಕು, ಕೊನೆಗೆ ಎಲ್ಲರೆದುರು ಪ್ರಬಂಧ ಓದಬೇಕು. ಇತಿಹಾಸದ ಕಾಮತ ಸರ್ ನಡೆಸುವ 'ನಮ್ಮ ಬಂದರುಗಳು' ಸೆಮಿನಾರಿಗೆ ಎಲ್ಲರಿಗೂ ಆಸೆ. ಆದರೆ ಹತ್ತೇ ಜನರಿಗೆ ಜಾಗ. ಮೊದಲು ನಿಂತವರಿಗೆ ಮೊದಲು.

ಹಳದೀಪುರದ ವಸಂತಿಗೆ ಅದೇ ಬೇಕಿತ್ತು. ಅವಳ ಅಜ್ಜ ಹೊನ್ನಾವರ ಬಂದರಿಗೆ ಕಾಳುಮೆಣಸಿನ ದೋಣಿ ಒಯ್ಯುತ್ತಿದ್ದರು. ಆ ಕಥೆ ಕೇಳುತ್ತಲೇ ಬೆಳೆದವಳು ಅವಳು. ಅಪ್ಪಯ್ಯನ ಮಾತು ಬೇರೆ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು: "ದೀಪಾವಳಿವರೆಗೆ ಹೋಗು. ಮತ್ತೆ ಒಳ್ಳೆ ಸಂಬಂಧ ಬಂದ್ರೆ ನೋಡುವ."

ದೀಪಾವಳಿವರೆಗಾದರೂ ಆ ಕೋಣೆಯಲ್ಲಿ ಕೂರಬೇಕು... ಅಷ್ಟೇ ಅವಳ ಹಂಬಲ.

ಆಗಲೇ ಅವನು ಬಂದ. ಎತ್ತರದ ಹುಡುಗ, ಮಂಡಿಯವರೆಗೆ ಮಡಚಿದ ಪೈಜಾಮ, ಆಗಷ್ಟೇ ತೊಳೆದ ಕಾಲುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂಲೆಯ ಕೊಡೆ ನೋಡಿದ. ಅವಳನ್ನು ನೋಡಿದ.

"ಅದು... ನನ್ನ ಜಾಗ."

"ಜಾಗ ನಿಂತವರದ್ದು," ಎಂದಳು ವಸಂತಿ. ಕಾಲು ಕದಲಿಸಲಿಲ್ಲ.

ಅವನು ಮತ್ತೊಮ್ಮೆ ಕೊಡೆಯತ್ತ ನೋಡಿದ. ಆಮೇಲೆ ಮೆಲ್ಲನೆ, "ಆತು, ನಿಲ್ಲಿ," ಎಂದು ಅವಳ ಹಿಂದೆ ನಿಂತ.

ಕಾಮತ ಸರ್ ಹತ್ತನೆಯದಾಗಿ ವಸಂತಿಯ ಹೆಸರು ಬರೆದುಕೊಂಡು ಪೆನ್ನು ಮುಚ್ಚಿದರು. ಅವಳ ಹಿಂದೆ ನಿಂತ ಮಾವಳ್ಳಿಯ ಕೃಷ್ಣಾನಂದನ ಹೆಸರು ಅರ್ಥಶಾಸ್ತ್ರದ ಸೆಮಿನಾರಿಗೆ ಹೋಯಿತು.

ಅವನು ಜಗಳ ಮಾಡಿದ್ದರೆ ಅವಳು ಅಂದೇ ಮರೆತುಬಿಡುತ್ತಿದ್ದಳೋ ಏನೋ. ಆ "ನಿಲ್ಲಿ" ಎಂಬ ಮಾತು ಮಾತ್ರ ಹಲಸಿನ ಮೇಣದ ಹಾಗೆ ಅಂಟಿಕೊಂಡಿತು.

ಮೊದಲ ಶನಿವಾರವೇ ಅವಳಿಗೆ ಅಚ್ಚರಿ ಕಾದಿತ್ತು. ತನ್ನ ಸೆಮಿನಾರು ಮುಗಿಸಿದ ಕೃಷ್ಣಾನಂದ ಇವರ ಕೋಣೆಯ ಕಿಟಕಿಯಾಚೆ, ವರಾಂಡದ ಕಟ್ಟೆಯ ಮೇಲೆ ಕೂತು ಪಾಠ ಕೇಳುತ್ತಿದ್ದ! ಸರ್ ಬೇಡವೆನ್ನಲಿಲ್ಲ. ಅವನು ಕಿಟಕಿಯಿಂದಲೇ ಪ್ರಶ್ನೆ ಕೇಳುತ್ತಿದ್ದ, ಸರ್ ಖುಷಿಯಿಂದ ಉತ್ತರಿಸುತ್ತಿದ್ದರು. ಶರಾವತಿಯ ಹಳೇ ಅಂಬಿಗರು ಯಾವ ಗಾಳಿಗೆ ಯಾವ ಹಾಯಿ ಬಿಚ್ಚುತ್ತಿದ್ದರು ಎಂದು ಅವನು ಹೇಳತೊಡಗಿದರೆ ಒಳಗಿದ್ದವರೆಲ್ಲ ತಲೆ ತಿರುಗಿಸಿ ಕೇಳುತ್ತಿದ್ದರು.

'ಎಷ್ಟು ತಿಳಿದುಕೊಂಡಿದ್ದಾನೆ! ಎಷ್ಟು ಚಂದ ಹೇಳ್ತಾನೆ!' ಎಂದು ವಸಂತಿಯ ಮನಸ್ಸು ಅವಳನ್ನು ಕೇಳದೆಯೇ ಮೆಚ್ಚಿಬಿಟ್ಟಿತ್ತು.

ಗೆಳತಿ ಪರಮೇಶ್ವರಿ ಅದಕ್ಕೆ ತಣ್ಣೀರೆರಚಿದಳು.

"ಅವ ಅಲ್ಲಿ ಎಂತಕ್ಕೆ ಕೂತಿದ್ದಾನೆ ಗೊತ್ತಾ? ದೀಪಾವಳಿಗೆ ನಿನ್ನ ಮದುವೆ, ಜಾಗ ಖಾಲಿ ಆಗ್ತದೆ ಅಂತ ಹುಡುಗರೆಲ್ಲ ಹೇಳ್ತಿದ್ರು. ಕಾಯ್ತಿದ್ದಾನೆ ಮಾರಾಯ್ತಿ!"

ವಸಂತಿಯ ಮುಖ ಕೆಂಪೇರಿತು. ಓಹೋ! ಅದಕ್ಕೇ ಅಂದು "ನಿಲ್ಲಿ" ಎಂದದ್ದು! ಹೇಗೂ ಬಿಟ್ಟು ಹೋಗುವವಳು ಎಂದು!

ಅಂದಿನಿಂದ ಅವಳು ಕಿಟಕಿಯತ್ತ ನೋಡುವುದನ್ನೇ ಬಿಟ್ಟಳು. ಒಮ್ಮೆ ಅವಳ ಮೆಣಸಿನ ಮಾತಿಗೆ ಯಾರೋ "ಇದು ಅಡುಗೆಮನೆ ಇತಿಹಾಸ" ಎಂದು ನಕ್ಕಾಗ, "ಮೆಣಸು ಇಲ್ಲದಿದ್ರೆ ಪರದೇಶದ ಹಡಗುಗಳು ಇಲ್ಲಿ ಎಂತಕ್ಕೆ ಬರ್ತಿದ್ವು?" ಎಂದು ಕಿಟಕಿಯಾಚೆಯಿಂದ ಅವನೇ ಕೇಳಿದ. ಅವಳಿಗೆ ಅಳು ಬಂದಂತಾಯಿತು. ಇಷ್ಟು ಒಳ್ಳೆಯವನಾಗಿ ಯಾಕೆ ನಟಿಸಬೇಕು ಇವನು?

ದೀಪಾವಳಿ ಬಂತು, ಹಿಂದೆಯೇ ಸಿರ್ಸಿ ಕಡೆಯ ಸಂಬಂಧವೂ ಬಂತು. ಹುಡುಗನ ಕಡೆಯವರು ಸಿಹಿ ತೊಡದೇವು ಮುರಿಯುತ್ತ, "ಓದಿದ್ದು ಸಾಕು, ಅಲ್ಲದಾ?" ಎಂದರು. ಎರಡು ಶನಿವಾರ ಅಪ್ಪಯ್ಯ ಅವಳನ್ನು ಕಾಲೇಜಿಗೆ ಕಳಿಸಲಿಲ್ಲ. ಮೂರನೆಯ ಶನಿವಾರ ಅವಳು ಪ್ರಬಂಧ ಓದುವ ಸರದಿ.

ಹಿಂದಿನ ದಿನ ಅವಳು ಅಪ್ಪಯ್ಯನೆದುರು ನಿಂತು, ಮನೆಯ ಹವ್ಯಕ ಮಾತಿನಲ್ಲಿ ಹೇಳಿದಳು: "ಯಂಗೆ ಈ ಸಂಬಂಧ ಬೇಡ, ಅಪ್ಪಯ್ಯಾ. ಅಜ್ಜನ ದೋಣಿ ಕಥೆ ಬರದ್ದೆ. ಅದನ್ನ ಓದದ್ದೇ ಇದ್ರೆ ಯಂಗೆ ಸಮಾಧಾನ ಇಲ್ಲೆ."

ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುವ ಕೈ ನಿಲ್ಲಿಸಿದರು. "ಯನ್ನ ಅಪ್ಪನ ಕಥೆ... ಕಾಲೇಜಲ್ಲಿ ಓದ್ತ್ಯಾ?"

"ಓದ್ತೆ."

ಎಲೆ ಮಡಚಿ ತಟ್ಟೆಯಲ್ಲಿಟ್ಟು, "ಆತು, ಹೋಗು. ಅವಕ್ಕೆ ಬೇಡ ಹೇಳಿ ಕಳಸ್ತೆ. ಓದು ಮುಗಿಯವರೆಗೆ ಯಾರನ್ನೂ ಕರ್ಸ್ತ್ನಿಲ್ಲೆ," ಎಂದರು.

ಶನಿವಾರ ಅವಳು ಓಡೋಡಿ ಸೆಮಿನಾರಿನ ಕೋಣೆಗೆ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು.

ಅವಳ ಕುರ್ಚಿಯ ಮೇಲೆ ಕೊಡೆಯಿತ್ತು! ಅದೇ ಕೆಂಪು ದಾರದ ಕೊಡೆ!

ಎರಡು ವಾರ ಬಾರದಿದ್ದಕ್ಕೇ ಜಾಗ ಹಿಡಿದನೇ! ಕಿಟಕಿಯಾಚೆ ಕೂತಿದ್ದ ಅವನತ್ತ ತಿರುಗಿ, ಎಲ್ಲರೂ ಇದ್ದಾರೆಂಬುದನ್ನೂ ಮರೆತು ಕೇಳಿದಳು:

"ಅಷ್ಟು ಅವಸರವಾ ನಿಮಗೆ? ನಾ ಇನ್ನೂ ಹೋಗಲಿಲ್ಲ!"

ಕೃಷ್ಣಾನಂದ ಬಾಯಿ ತೆರೆಯುವ ಮೊದಲೇ ಕಾಮತ ಸರ್ ನಕ್ಕರು.

"ವಸಂತಿ, ನೀನು ಹೊಳೆ ದಾಟಿ ಹೋಗಿದ್ದು ಕಡಿಮೆ ಅಂತ ಕಾಣ್ತದೆ. ಇವನು ಹೊನ್ನಾವರದಾಚೆ ಕಾಸರಕೋಡದ ಸೋದರಮಾವನ ಮನೆಯಿಂದ ದಿನಾ ತಾರಿ ದೋಣಿಲಿ ಹೊಳೆ ದಾಟಿ ಬರೋನು. ದೋಣಿ ಬರೋ ತನಕ ಅಲ್ಲಿ ಯಾರೂ ಸಾಲಲ್ಲಿ ನಿಲ್ಲೂದಿಲ್ಲ. ಕೊಡೆ ಇಟ್ಟು ನೆರಳಿಗೆ ಹೋಗ್ತಾರೆ. ಕೊಡೆ ಇಟ್ಟ ಜಾಗವನ್ನ ಬೇರೆ ಯಾರೂ ಮುಟ್ಟೂದಿಲ್ಲ."

ವಸಂತಿಗೆ ಆಗ ಹೊಳೆಯಿತು: ಮೊದಲ ದಿನ ತಾನು ಎತ್ತಿಟ್ಟದ್ದು ಬರೀ ಕೊಡೆಯನ್ನಲ್ಲ...

"ಹೋದ ವಾರ ನಾನೇ ಇವನನ್ನ ಒಳಗೆ ಕರೆದೆ," ಎಂದರು ಸರ್. "'ಅವರು ಬರ್ತಾರೆ ಸರ್' ಅಂದ. ನಿನ್ನ ಕುರ್ಚಿ ಮೇಲೆ ಕೊಡೆ ಇಟ್ಟು, ತಾನು ಹೊರಗೇ ಕೂತ. ಇವತ್ತೂ ಹಾಗೇ."

ವಸಂತಿ ಆ ಕೊಡೆಯನ್ನು ಎರಡೂ ಕೈಯಿಂದ ಎತ್ತಿ ಕಿಟಕಿಯ ಬಳಿ ಒರಗಿಸಿದಳು. ಆಮೇಲೆ ನಿಂತು ಓದಿದಳು. ಅಜ್ಜನ ದೋಣಿ, ಮೆಣಸಿನ ಮೂಟೆ, ಬಂದರಿನ ಗಲಾಟೆ... ಅವಳ ದನಿ ಒಮ್ಮೆಯೂ ನಡುಗಲಿಲ್ಲ. ಮುಗಿದಾಗ ಮೊದಲು ಚಪ್ಪಾಳೆ ಹೊಡೆದದ್ದು ಕಿಟಕಿಯಾಚೆಯ ಎರಡು ಕೈಗಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಅವನ ಬಳಿ ಹೋದಳು.

"ಅವತ್ತು ಎಂತಕ್ಕೆ ಜಗಳ ಮಾಡಲಿಲ್ಲ?"

"ತಾರಿಕಟ್ಟೆ ಕೆಸರು ಸರ್ ಕೋಣೆಗೆ ಬೇಡ ಅಂತ ಕಾಲು ತೊಳೀಲಿಕ್ಕೆ ಹೋಗಿದ್ದೆ. ಬಂದು ನೋಡಿದ್ರೆ, ನೀವು ನನ್ನ ಕೊಡೆ ಒದ್ದೆ ಆಗದ ಹಾಗೆ ಇಟ್ಟಿದ್ರಿ. ನನಗೆ ಇನ್ನೊಂದು ವರ್ಷ ಸಿಕ್ಕೀತು, ಹೆಣ್ಣುಮಕ್ಕಳಿಗೆ ಮುಂದಿನ ವರ್ಷ ಓದ್ಲಿಕ್ಕೇ ಸಿಗೂದು ಕಷ್ಟ ಅನ್ನಿಸ್ತು."

"ನಾ ತಪ್ಪು ತಿಳಿದೆ. ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ಲ," ಎಂದಳು. ಕಣ್ಣು ತುಂಬಿತ್ತು.

"ದೊಡ್ಡ ಮನಸ್ಸೇನಲ್ಲ." ಅವನು ಹಿಡಿಕೆಯ ದಾರವನ್ನು ತಿರುವುತ್ತ ನಿಂತ. ಅವಳ ಹಳದೀಪುರದ ಬಸ್ಸು ತಿರುವಿನಲ್ಲಿ ಕಂಡಿತು. ಇನ್ನು ತಡಮಾಡಿದರೆ ಆಗದೆಂದು ತಿಳಿದು, ಮನೆಯ ಮಾತಿನಲ್ಲೇ ಕೇಳಿಬಿಟ್ಟ: "ವಸಂತೀ... ಯನ್ನ ಅಪ್ಪಯ್ಯನ್ನ ಸಂಬಂಧ ಕೇಳಲೆ ಹಳದೀಪುರಕ್ಕೆ ಕಳಸ್ಲಾ?"

ಅವಳು ಬಯಸಿದ್ದೂ ಇದೇ, ಹೆದರಿದ್ದೂ ಇದಕ್ಕೇ.

"ಯಂಗೆ ಬಿ.ಎ. ಮುಗಿಸವು," ಎಂದಳು ಮೆಲ್ಲಗೆ, ಮೊದಲು ಓದು ಎಂಬಂತೆ.

ಅವನು ನಕ್ಕ. ಕೊಡೆಯನ್ನು ಅವಳ ಕೈಗೆ ಕೊಟ್ಟ.

"ಹಂಗಾದ್ರೆ ಇದು ನಿನ್ನ ಹತ್ರನೇ ಇರ್ಲಿ. ಸಾಲಲ್ಲಿ ಇಟ್ಟಾಂಗೆ ಆತು. ಆನು ಕಾಯ್ತೆ."

"ಮಳೆಗಾಲ ಬಂದ್ರೆ ನಿಂಗೆ?"

"ನೆನೀತೆ."

ವಸಂತಿ ಕೊಡೆಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು. ಮೆಟ್ಟಿಲ ಮೇಲೆ ತಿರುಗಿ, ಅವನಿಗೆ ಮಾತ್ರ ಕೇಳುವಂತೆ ಹೇಳಿದಳು:

"ಈ ಸಲ ಯಾರು ಬಂದ್ರೂ ಇದನ್ನ ತೆಗೀತ್ನಿಲ್ಲೆ."