ಕೆಂಪು ಸೀಮೆಸುಣ್ಣದ ಗುರುತು

ಬೇಸಿಗೆ ಅರ್ಧ ಕಳೆದಿತ್ತು. ಸಂಜೆಯಾದರೂ ಬಿಸಿಲು ವಿಶ್ವವಿದ್ಯಾಲಯದ ಗೋಡೆ ಬಿಟ್ಟು ಇಳಿದಿರಲಿಲ್ಲ.

ಮೇಲಿನ ಮಹಡಿಯಲ್ಲಿ ಹವಾಮಾನ ಬದಲಾವಣೆಯ ಮೊದಲ ಪಾಠ. ಕೋಣೆಯ ಹಳೆಯ ಏಸಿ ಕೆಟ್ಟು ಕೂತಿತ್ತು. ಅದರ ಕೆಳಗೊಂದು ಏಣಿ. ಏಣಿಯ ಮೇಲೊಬ್ಬ ಮೆಕ್ಯಾನಿಕ್, ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು.

ಪಾಠ ಹೇಳುವವಳನ್ನು ಹುಡುಗರು ಬೆನ್ನ ಹಿಂದೆ ‘ಬಿಸಿ ಮೇಡಂ’ ಎನ್ನುತ್ತಿದ್ದರು. ವರ್ಷವಿಡೀ ಬಿಸಿಯ ಮಾತೇ ಆಡುತ್ತಾಳಲ್ಲ, ಅದಕ್ಕೆ. ಅವಳಿಗೂ ಗೊತ್ತಿತ್ತು. ಬೇಜಾರು ಮಾಡಿಕೊಳ್ಳುವಷ್ಟು ಶಕ್ತಿ ಉಳಿದಿರಲಿಲ್ಲ ಅಷ್ಟೆ.

ಅದೇ ಪಾಠ, ಅದೇ ಚಿತ್ರಗಳು, ಅದೇ ಆಕಳಿಕೆಗಳು. ಕೇಳುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಮರೆಯುತ್ತಾರೆ. ‘ಈ ವರ್ಷ ಮುಗಿಸಿ ಬಿಟ್ಟುಬಿಡ್ತೀನಿ...’ ಎಂದು ಅವಳು ಮನಸ್ಸಿನಲ್ಲೇ ನಿಶ್ಚಯ ಮಾಡಿಯಾಗಿತ್ತು. ಮದುವೆಯ ಆಸೆಯನ್ನೂ ಹೀಗೇ, ಯಾರಿಗೂ ಹೇಳದೆ, ಯಾವತ್ತೋ ಬಿಟ್ಟಿದ್ದಳು.

“ಅಗೋ, ಅವರ ಕೈಯಲ್ಲಿರೋ ಸಿಲಿಂಡರ್ ನೋಡಿ,” ಎಂದು ಏಣಿಯತ್ತ ಬೆರಳು ತೋರಿಸಿದಳು. “ಆ ಗ್ಯಾಸ್ ಒಂದು ಕೆಜಿ ಸೋರಿದ್ರೆ ಸಾವಿರಾರು ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಇವರು ವರ್ಷಾ ವರ್ಷಾ ತುಂಬಿಸ್ತಾರೆ. ಅದು ವರ್ಷಾ ವರ್ಷಾ ಸೋರುತ್ತೆ. ಭೂಮಿ ಬೇಯುತ್ತೆ.”

ಇಡೀ ತರಗತಿ ಅವನತ್ತ ತಿರುಗಿತು. ಅವನ ಕಿವಿ ಕೆಂಪಾಯಿತು. ಸ್ಕ್ರೂಡ್ರೈವರ್ ಬಾಯಿಂದ ತೆಗೆದ.

“ಹಾಗಾದ್ರೆ ಇಳಿದು ಹೋಗ್ಲಾ ಮೇಡಂ?”

“ಬೇಡ ಏಣಿಯಣ್ಣಾ!” ಹಿಂದಿನ ಬೆಂಚು ಒಟ್ಟಿಗೇ ಕೂಗಿತು. “ಬೇಕಾದ್ರೆ ಪಾಠ ನಿಲ್ಲಿಸಿ!”

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ... ಮತ್ತೇನಿತ್ತು? ಪಾಠ ಎಲ್ಲಿಗೆ ನಿಂತಿತ್ತೆಂದು ಅವಳು ಒಂದು ಗಳಿಗೆ ಮರೆತಳು.

ಅವತ್ತು ಅವನು ಸಿಲಿಂಡರ್ ಬಿಚ್ಚಲೇ ಇಲ್ಲ. ಹೊತ್ತು ತಂದದ್ದನ್ನು ಹಾಗೇ ಹೊತ್ತು ಹೋದ.

ಮುಂದಿನ ಪಾಠಕ್ಕೆ ಒಂದು ಬಟ್ಟಲಲ್ಲಿ ಸೋಪಿನ ನೊರೆ, ಗಡ್ಡ ಮಾಡುವ ಬ್ರಷ್ಷು ಹಿಡಿದು ಬಂದ. ಏಣಿ ಹತ್ತಿ ಏಸಿಯ ಕೊಳವೆಗೆ ನೊರೆ ಬಳಿಯುತ್ತಾ ಕೂತ. ಅದರ ಮುಂದಿನ ಪಾಠಕ್ಕೂ ಅದೇ.

“ಯಂತ್ರಕ್ಕೆ ಗಡ್ಡ ಬಂದಿದೆಯಾ ಅಣ್ಣಾ?” ಎಂದನೊಬ್ಬ ಹುಡುಗ.

“ನಿನಗೆ ಬರೋಷ್ಟರಲ್ಲಿ ಮುಗಿಸ್ತೀನಿ ಬಿಡಪ್ಪಾ,” ಎಂದ ಏಣಿಯ ಮೇಲಿನಿಂದ.

ಒಂದು ದಿನ ಪಾಠದ ನಡುವೆಯೇ ಕೇಳಿದ. “ಮೇಡಂ, ಸೋರಿ ಹೋದದ್ದು ಎಷ್ಟು ಕಾಲ ಮೇಲೇ ಇರುತ್ತೆ?”

ಆ ಪ್ರಶ್ನೆ ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಅವಳು ಗೇಲಿ ಮಾಡುತ್ತಿದ್ದಾನೆ ಎಂದುಕೊಂಡಳು. “ಬಂದ ಕೆಲಸ ನೋಡ್ಕೊಳ್ಳಿ,” ಎಂದುಬಿಟ್ಟಳು.

“ಸರಿ ಮೇಡಂ. ಒಂದು ತುಂಡು ಸೀಮೆಸುಣ್ಣ ಕೊಡ್ತೀರಾ?”

ಅವಳ ಕೈಯಲ್ಲಿದ್ದದ್ದು ಕೆಂಪು. ಏರುವ ತಾಪದ ಗೆರೆ ಎಳೆಯಲೆಂದು ಇಟ್ಟುಕೊಂಡಿದ್ದು. ಮುರಿದು ಅರ್ಧ ಕೊಟ್ಟಳು, ಮುಖ ತಿರುಗಿಸಿ.

ಸೆಕೆ ಏರುತ್ತಲೇ ಇತ್ತು. ಹುಡುಗರು ಪುಸ್ತಕದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಕೊನೆಗೆ ಅವಳು ಕಚೇರಿಗೆ ಹೋಗಿ ಮೇಲ್ವಿಚಾರಕರ ಮುಂದೆ ನಿಂತಳು.

“ಆ ಮನುಷ್ಯ ಬೇಕೂಂತಲೇ ಕೆಲಸ ಎಳೀತಿದ್ದಾನೆ ಸಾರ್. ನಾನು ಅವತ್ತು ಅಂದಿದ್ದಕ್ಕೆ ಸೇಡು. ದಿನಾ ಸೋಪಿನ ಗುಳ್ಳೆ ಆಡಿಸ್ಕೊಂಡು ಕೂರ್ತಾನೆ! ಬೇರೆಯವರನ್ನ ಕರೆಸಿ.”

ಬೇರೆಯವನು ಬಂದ. ಕೊಳವೆಯ ಕಡೆ ನೋಡಲೂ ಇಲ್ಲ. ಗ್ಯಾಸ್ ತುಂಬಿಸಿ, ಕೈ ಒರೆಸಿಕೊಂಡು ಹೋದ. ತಣ್ಣನೆ ಗಾಳಿ ಬಂತು. ಹುಡುಗರು ಚಪ್ಪಾಳೆ ತಟ್ಟಿದರು.

ಅವಳಿಗೆ ಮಾತ್ರ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಕಣ್ಣು ಮತ್ತೆ ಮತ್ತೆ ಏಣಿಯಿದ್ದ ಮೂಲೆಗೇ ಹೋಗುತ್ತಿತ್ತು. ‘ಯಾರು ಕೇಳ್ತಿದಾರೆ ಅಂತ ಹೇಳ್ಲಿ ಈಗ...?’

ಸ್ವಲ್ಪ ದಿನಕ್ಕೆ ಗಾಳಿ ಮತ್ತೆ ಬೆಚ್ಚಗಾಯಿತು. ತುಂಬಿಸಿದ್ದೆಲ್ಲ ಸೋರುತ್ತಿತ್ತು.

ಹುಡುಗರು ಹೋದ ಮೇಲೆ, ಎಲ್ಲಿ ಸೋರುತ್ತಿದೆ ನೋಡೋಣವೆಂದು ಅವಳು ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿದಳು. ಏಸಿಯ ಪಕ್ಕ, ಕೊಳವೆಯ ಬೆಸುಗೆ ಗೋಡೆಗೆ ತಾಗುವಲ್ಲಿ, ಕೆಂಪು ಸೀಮೆಸುಣ್ಣದ ಒಂದು ಸುತ್ತು!

ಕೈತೊಳೆಯುವ ಸೋಪು ತಂದು ಅಲ್ಲಿ ಹಚ್ಚಿದಳು. ಕಾದಳು. ಸಣ್ಣದೊಂದು ಗುಳ್ಳೆ ಎದ್ದಿತು. ಉಬ್ಬಿತು. ಒಡೆಯಿತು. ಮತ್ತೊಂದು ಎದ್ದಿತು...

ಅವನು ಗುಳ್ಳೆ ಆಡಿಸುತ್ತಿರಲಿಲ್ಲ. ಸೋರುವ ಜಾಗ ಹುಡುಕುತ್ತಿದ್ದ. ಅವಳ ಪಾಠ ಕೇಳಿ!

ಅವತ್ತು ಮನೆಯಲ್ಲಿ ತಟ್ಟೆಯ ಮುಂದೆ ಸುಮ್ಮನೆ ಕೂತವಳನ್ನು ಅಕ್ಕ ಗದರಿಸಿದಳು.

“ನೀನು ಊಟ ಬಿಟ್ರೆ ಭೂಮಿ ತಣ್ಣಗಾಗುತ್ತೇನೇ?”

“ಅಕ್ಕಾ, ಒಬ್ಬರ ಕೆಲಸ ಕಳೆದುಬಿಟ್ಟೆ.”

“ಹೋಗಿ ಹೇಳು ಮತ್ತೆ. ನನ್ನ ಮುಂದೆ ಅತ್ತರೆ ಅವರಿಗೆ ಕೇಳಿಸುತ್ತಾ?” ಎನ್ನುತ್ತ ಅಕ್ಕ ಅವಳ ಮುಖ ದಿಟ್ಟಿಸಿದಳು. “ಬರೀ ಕೆಲಸದ ವಿಷಯಾನಾ ಇದು...?”

ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಅವನ ಅಂಗಡಿಯಲ್ಲಿ ಬಾಗಿಲು ಕಳಚಿದ ಫ್ರಿಜ್ಜುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಬೇಕಿತ್ತು. ಅವಳನ್ನು ಕಂಡು ಅವನು ಎದ್ದು ನಿಂತ. ಇದ್ದ ಒಂದೇ ಸ್ಟೂಲನ್ನು ಒರೆಸಿ ಮುಂದಿಟ್ಟ.

“ಗುರುತು ನೋಡಿದೆ,” ಎಂದಳು. “ನನಗೆ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತಲೇ ಕಚೇರಿಗೆ ಬಂದೆ ಮೇಡಂ. ನೀವು ನನ್ನ ಬಗ್ಗೆ ಹೇಳ್ತಾ ಇದ್ರಿ. ಬಾಗಿಲಲ್ಲೇ ಕೇಳಿಸ್ಕೊಂಡೆ.”

ಅವಳು ತಲೆ ತಗ್ಗಿಸಿದಳು. “ಇಷ್ಟು ವರ್ಷ ಪಾಠ ಹೇಳಿದೆ. ಅದನ್ನ ಕೇಳಿ ಏನಾದ್ರೂ ಮಾಡಿದವರು ನೀವೊಬ್ಬರೇ. ನಿಮ್ಮನ್ನೇ ಓಡಿಸಿದೆ... ಸುಸ್ತಾಗಿದೆ ನನಗೆ. ಎಷ್ಟು ಸುಸ್ತು ಅಂದ್ರೆ, ಒಳ್ಳೇದು ಎದುರಿಗೆ ಬಂದ್ರೂ ಗುರುತು ಸಿಗಲಿಲ್ಲ.”

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

“ತಪ್ಪು ಪೂರ್ತಿ ನಿಮ್ಮದಲ್ಲ ಮೇಡಂ. ಸೋರೋ ಜಾಗ ಬೇಗನೇ ಸಿಕ್ಕಿತ್ತು. ಆಮೇಲೆ ನೊರೆ ಬಳಿದದ್ದೆಲ್ಲ ಸುಮ್ಮನೆ.”

“ಸುಮ್ಮನೆ ಅಂದ್ರೆ?”

“ಕೆಲಸ ಮುಗಿಸಿದ್ರೆ ಏಣಿ ತಗೊಂಡು ಹೋಗ್ಬೇಕಿತ್ತಲ್ಲ. ಮತ್ತೆ ನಿಮ್ಮನ್ನ ಯಾವ ನೆಪದಲ್ಲಿ ನೋಡ್ಲಿ?”

“ಅಯ್ಯೋ... ಹಾಗಾದ್ರೆ ನನ್ನ ದೂರು ಸುಳ್ಳಲ್ಲ!”

“ಅರ್ಧ ನಿಜ,” ಎಂದ. ಮೊದಲ ಸಲ ನಕ್ಕ. ಅವಳು ಅಳುತ್ತಲೇ ನಕ್ಕಳು.

ಮರುದಿನ ಮೇಲ್ವಿಚಾರಕರ ಮುಂದೆ ಅವಳೇ ನಿಂತು ತನ್ನ ಮಾತು ಹಿಂದಕ್ಕೆ ತೆಗೆದುಕೊಂಡಳು. ಅವನು ಬಂದು ತೂತಾದ ಬೆಸುಗೆ ಬಿಚ್ಚಿ ಹೊಸ ಕೊಳವೆ ಕೂರಿಸಿದ. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತು ಉಳಿದ ಪಾಠವೆಲ್ಲ ಕೇಳಿದ.

ಕೊನೆಯ ಪಾಠದ ಹೊತ್ತಿಗೆ ಬೇಸಿಗೆಯೇ ದಣಿದಿತ್ತು. ಹುಡುಗರು ಗದ್ದಲ ಮಾಡಿಕೊಂಡು ಹೊರಟರು. “ಏಣಿಯಣ್ಣಾ, ಬಿಸಿ ಮೇಡಂನ ಹುಷಾರಾಗಿ ಇಳಿಸಿ!” ಎಂದು ಮೆಟ್ಟಿಲಿನಿಂದ ಒಬ್ಬ ಕೂಗಿದ.

ಅವನು ಏಸಿ ಆರಿಸಿ ಕಿಟಕಿ ತೆರೆದ. ಸಂಜೆಯ ಗಾಳಿ ಬಂತು, ಅಷ್ಟೇನೂ ತಂಪಿಲ್ಲದ್ದು.

“ಮುಂದಿನ ವರ್ಷ ಈ ಪಾಠ ಇರುತ್ತಾ ಮೇಡಂ?”

“ಬಿಟ್ಟುಬಿಡೋಣ ಅಂತಿದ್ದೆ...” ಅವಳು ಹಲಗೆಯ ಮೇಲಿನ ಕೆಂಪು ಗೆರೆ ಒರೆಸಿದಳು. “ಇರುತ್ತೆ. ನೀವು ಬರ್ತೀರಾ?”

“ಬರ್ತೀನಿ. ಈ ಸಲ ನೆಪ ಇಲ್ದೇನೇ.”

“ಬಂದ್ರೆ, ಮೇಡಂ ಅನ್ನಬಾರದು.”

“ಮತ್ತೆ?”

“ಮನೆಗೆ ನಡೀರಿ. ಅಕ್ಕ ಕಾಯ್ತಿದ್ದಾಳೆ. ಏನನ್ಬೇಕು ಅಂತ ದಾರೀಲಿ ಯೋಚನೆ ಮಾಡಿ.”

ಹುಡುಗರು ಮೊದಲು ಹೋಗಿದ್ದರು. ಎಲ್ಲರಿಗಿಂತ ಕೊನೆಗೆ ಆ ಕೋಣೆಗೆ ಬೀಗ ಹಾಕಿ, ಅವನು ಅಲ್ಲೇ ಬಿಟ್ಟಿದ್ದ ಏಣಿಯ ಆ ತುದಿ ಅವನು, ಈ ತುದಿ ಅವಳು ಹಿಡಿದು ಹೊರಟರು.