ಯಿಮಿನ್ ತಾತಂದಿರಿಗೆ ಬುತ್ತಿ

“ಫೋನ್ ಒಳಗಿಡೇ ಹುಡುಗಿ, ಆಮೊಯ್! ಅಡ್ಡೆ ವಾಲ್ತಿದೆ ನೋಡು!”

ಅಜ್ಜಿ ಆಪೋ ಕೂಗುವಷ್ಟರಲ್ಲಿ ತಡವಾಗಿತ್ತು. ಯೂಚಿಂಗ್‌ಳ ಹೆಗಲ ಮೇಲಿದ್ದ ಬಿದಿರಿನ ಅಡ್ಡೆ ಜಾರಿತು. ಮುಂದಿನ ಬುಟ್ಟಿ ಧೊಪ್ಪೆಂದು ಬಿತ್ತು. ಅನ್ನ, ಮಾಂಸದ ತುಂಡು, ಬೇಯಿಸಿದ ಮೊಟ್ಟೆ ಎಲ್ಲ ಕಾದ ರಸ್ತೆಯ ಮೇಲೆ ಚೆಲ್ಲಾಪಿಲ್ಲಿಯಾಯಿತು.

ಯೂಚಿಂಗ್ ಕಲ್ಲಿನಂತೆ ನಿಂತಳು. ಕೈಯಲ್ಲಿದ್ದ ಫೋನಿನಲ್ಲಿ ಅಮ್ಮನ ಒಂದು ಮೆಸೇಜೂ ಇರಲಿಲ್ಲ.

“ಅರ್ಧ ಹಕ್ಕಾ ಹುಡುಗಿ, ಅದಕ್ಕೇ ಅರ್ಧ ಅನ್ನ ಚೆಲ್ಲಿದ್ಲು!” ಮೆರವಣಿಗೆಯಲ್ಲಿ ಹಿಂದೆ ಬರುತ್ತಿದ್ದ ಬೋವೆನ್ ನಕ್ಕ. ಅವನು ಅವಳದೇ ಕ್ಲಾಸು. “ನಿಮ್ಮಮ್ಮ ಬರ್ತಾರೆ ಅಂತ ಫೋನ್ ನೋಡ್ತಿದ್ಯಾ? ಅವರು ವಿಯೆಟ್ನಾಂನಲ್ಲೇ ಇದ್ದುಬಿಡ್ತಾರಂತೆ.”

“ಸುಳ್ಳು! ನಿಂಗ್ಯಾರು ಹೇಳಿದ್ದು?”

“ಎಲ್ಲರೂ ಹೇಳ್ತಾರಪ್ಪ.”

ವಿಯೆಟ್ನಾಂನ ಅಜ್ಜಿ, ಅಮ್ಮನ ತಾಯಿ, ಬಿದ್ದು ಸೊಂಟ ಮುರಿದುಕೊಂಡಾಗ ಅಮ್ಮ ಹೊರಟುಹೋಗಿದ್ದಳು. ಅದಾಗಿ ನಾಲ್ಕು ತಿಂಗಳು. ಹೊರಡುವಾಗ ಯೂಚಿಂಗ್‌ಳ ಜಡೆ ಹೆಣೆಯುತ್ತ, “ಯಿಮಿನ್ ಹಬ್ಬದೊಳಗೆ ಬಂದ್ಬಿಡ್ತೀನಿ. ಇಬ್ರೂ ಒಟ್ಟಿಗೆ ಅಡ್ಡೆ ಹೊರೋಣ, ಆಯ್ತಾ?” ಎಂದಿದ್ದಳು. ಹಿಂದೆ ಊರು ಕಾಯಲು ಹೋಗಿ ಸತ್ತ ಯಿಮಿನ್ ತಾತಂದಿರಿಗೆ ಬುತ್ತಿ ಹೊರುವ ಹಬ್ಬ ಅದು; ಹಕ್ಕಾ ಜನರ ಅವರ ಊರಿಗೆ ಅದರ ಸರದಿ ಬರುವುದು ಹದಿನೈದು ವರ್ಷಕ್ಕೊಮ್ಮೆ. ಮುಂದಿನ ಸಲ ಬರುವಾಗ ಯೂಚಿಂಗ್‌ಗೆ ಇಪ್ಪತ್ತೈದು ತುಂಬಿರುತ್ತದೆ.

ಆಪೋಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಅಪ್ಪನ ತಾಯಿ ಅವಳು. ನಾಲ್ಕು ತಿಂಗಳಲ್ಲಿ ಅಮ್ಮನ ಹೆಸರನ್ನು ಒಂದು ಸಲವೂ ಎತ್ತಿರಲಿಲ್ಲ. ಅಮ್ಮ ವಿಡಿಯೋ ಕಾಲ್ ಮಾಡಿದರೆ ಸಾಕು, ಪೊರಕೆ ಹಿಡಿದು ಅಂಗಳಕ್ಕೆ ಹೋಗಿಬಿಡುತ್ತಿದ್ದಳು.

ಈಗ ಅದೇ ಆಪೋ ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅನ್ನ ಬಳಿಯುತ್ತಿದ್ದಳು. ಬೈಯಲಿಲ್ಲ. “ಇದು ನಾಯಿಗಾಯ್ತು. ನೀನು ಬುಟ್ಟಿ ಹಿಡಿ.”

“ಖಾಲಿ ಬುಟ್ಟಿ ಹೊತ್ಕೊಂಡು ಹೋಗೋದು ಹೇಗೆ ಆಪೋ? ತಾತಂದಿರಿಗೆ ಕೋಪ ಬರಲ್ವಾ?”

ಮುಂದೆ ಹೋಗುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ತನ್ನ ಅಡ್ಡೆ ಇಳಿಸಿ, ಸೌಟಿನಲ್ಲಿ ಅನ್ನ ತೆಗೆದು ಯೂಚಿಂಗ್‌ಳ ಬುಟ್ಟಿಗೆ ಹಾಕಿದಳು. ಅವಳ ಹಿಂದಿದ್ದ ಮುದುಕನೂ ಒಂದು ಸೌಟು ಹಾಕಿದ. ಮತ್ತೊಬ್ಬರು ಉಪ್ಪಿನಲ್ಲಿಟ್ಟ ಸೊಪ್ಪು ಕೊಟ್ಟರು. ಬೋವೆನ್‌ನ ಅಪ್ಪ ಮಗನ ಬೆನ್ನಿಗೆ ತಿವಿದರು. ಅವನು ಮುಖ ಗಂಟಿಕ್ಕಿಕೊಂಡೇ ಒಂದು ಮೊಟ್ಟೆ ತಂದಿಟ್ಟ.

“ನನ್ ಬುಟ್ಟೀಲಿದ್ದ ಎಲ್ಲಕ್ಕಿಂತ ದೊಡ್ಡದು ಇದು,” ಎಂದ. ಆಮೇಲೆ ಮೆಲ್ಲಗೆ, “ಎಲ್ಲರೂ ಹೇಳಿಲ್ಲ. ಒಬ್ರೇ ಹೇಳಿದ್ದು,” ಎಂದ.

ಮಧ್ಯಾಹ್ನದ ಹೊತ್ತಿಗೆ ಮೆರವಣಿಗೆ ಗುಡಿ ತಲುಪಿತು. ಊದುಬತ್ತಿಯ ಹೊಗೆಗೆ ಕಣ್ಣು ಉರಿಯಿತು. ಸಾಲು ಸಾಲು ಬುಟ್ಟಿಗಳ ನಡುವೆ ತನ್ನ ಬುಟ್ಟಿಗಳನ್ನಿಟ್ಟು ಯೂಚಿಂಗ್ ಕೈ ಮುಗಿದಳು. ಹೆಗಲು ಕೆಂಪಾಗಿ ಊದಿತ್ತು.

ಆಪೋ ಅವಳನ್ನು ಗುಡಿಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಹುಲ್ಲು ಬೆಳೆದ ಒಂದು ದೊಡ್ಡ ದಿಬ್ಬವಿತ್ತು.

“ತಾತಂದಿರೆಲ್ಲ ಇದರೊಳಗೇನಾ ಇರೋದು?”

“ಹೂಂ.”

“ಹೆಸರು ಎಲ್ಲಿ ಬರ್ದಿದ್ದಾರೆ?”

“ಹೆಸರಿಲ್ಲ ಕಣೆ. ಅವರೇನು ಸಿಪಾಯಿಗಳಾ? ಗದ್ದೆ ಉಳೋರು. ಊರಿನ ಮೇಲೆ ದಂಡು ಬಂತು ಅಂತ ಕೈಗೆ ಸಿಕ್ಕಿದ್ದು ಹಿಡ್ಕೊಂಡು ಓಡಿದ್ರು. ಆಮೇಲೆ ಗಾಡಿ ಕಟ್ಕೊಂಡು ಹೋಗಿ ನೋಡಿದ್ರೆ ಬರೀ ಮೂಳೆ. ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗುತ್ತೆ? ಎಲ್ಲಾ ಒಂದೇ ಕಡೆ ಮಣ್ಣು ಮಾಡಿದ್ರು.”

“ಮತ್ತೆ ಅವರ ಮನೇಲಿ?”

“ಕಾದ್ರು. ಮೂಳೆ ಗುರುತು ಸಿಗದಿದ್ರೆ ಸತ್ತಿದ್ದಾನೆ ಅಂತ ನಂಬೋದು ಹೇಗೆ? ನಮ್ಮನೇಲಿ ಒಬ್ಬಳು, ನನ್ನತ್ತೆಯ ಅತ್ತೆಗೂ ಹಿಂದಿನೋಳು, ಗಂಡನ ಪಾಲಿನ ಅನ್ನ ದಿನಾ ಬಡಿಸಿಡ್ತಿದ್ಲಂತೆ. ಬಾಯಲ್ಲಿ ಮಾತ್ರ ಅವನ ಹೆಸರೇ ಎತ್ತುತ್ತಿರಲಿಲ್ಲವಂತೆ. ಎತ್ತಿದ್ರೆ ಕೈಲಿದ್ದ ಕೆಲಸ ನಿಂತುಹೋಗ್ತಿತ್ತು ಅಂತ ಕಾಣುತ್ತೆ.”

ಯೂಚಿಂಗ್ ದಿಬ್ಬವನ್ನು ನೋಡುತ್ತ ನಿಂತಳು. ಗಾಳಿಗೆ ಹುಲ್ಲು ಒಮ್ಮೆ ಆಚೆ, ಒಮ್ಮೆ ಈಚೆ ಬಾಗುತ್ತಿತ್ತು.

ಅವಳಿಗೆ ತಟ್ಟನೆ ತಮ್ಮ ಊಟದ ಮೇಜು ನೆನಪಾಯಿತು. ಈಗ ಮನೆಯಲ್ಲಿರುವುದು ಮೂವರೇ. ಆದರೆ ದಿನಾ ಸಂಜೆ ಆಪೋ ಇಡುವುದು ನಾಲ್ಕು ಬಟ್ಟಲು. ‘ಆಪೋಗೆ ವಯಸ್ಸಾಯ್ತು, ಮರೆವು ಜಾಸ್ತಿ,’ ಎಂದುಕೊಂಡು ಯೂಚಿಂಗ್ ಸದ್ದಿಲ್ಲದೆ ನಾಲ್ಕನೆಯದನ್ನು ಕಪಾಟಿಗೆ ಸೇರಿಸುತ್ತಿದ್ದಳು. ಮರುದಿನ ಅದು ಮತ್ತೆ ಅಮ್ಮನ ಜಾಗದಲ್ಲೇ ಇರುತ್ತಿತ್ತು.

“ಆಪೋ...”

“ಏನೇ?”

“ಏನಿಲ್ಲ.”

ಆಪೋ ತನ್ನ ಹಳೆಯ ಅಂಗಿಯ ತೋಳಿನಿಂದಲೇ ಮೊಮ್ಮಗಳ ಮುಖದ ಬೆವರು ಒರೆಸಿದಳು. “ಹೆಗಲು ನೋಯ್ತಿದ್ಯಾ?”

“ಸ್ವಲ್ಪ.”

ಸಂಜೆ ಮನೆಯಲ್ಲಿ ಆಪೋ ಒಲೆಯ ಮುಂದಿದ್ದಾಗ ಯೂಚಿಂಗ್ ತಾನೇ ಬಟ್ಟಲುಗಳನ್ನು ತೆಗೆದಳು. ಅಪ್ಪನಿಗೊಂದು, ಆಪೋಗೊಂದು, ತನಗೊಂದು. ಕಿಟಕಿಯ ಪಕ್ಕದ ಅಮ್ಮನ ಜಾಗದಲ್ಲಿ ಇನ್ನೊಂದು.

ಸಾರಿನ ಪಾತ್ರೆ ಹಿಡಿದು ಬಂದ ಆಪೋ ಬಾಗಿಲಲ್ಲಿ ನಿಂತಳು. ಮೇಜು ನೋಡಿದಳು. ಪಾತ್ರೆಯನ್ನು ಮೇಜಿನ ನಡುವೆ ಇಟ್ಟಳು.

“ಅವಳಿಗೆ ಎಡಗೈ ಅಭ್ಯಾಸ,” ಎಂದಳು. “ಚಾಪ್‌ಸ್ಟಿಕ್ ಆ ಕಡೆಗಿಡು.”

ಯೂಚಿಂಗ್ ಎತ್ತಿ ಆ ಕಡೆಗಿಟ್ಟಳು.